ಬೇಸಗೆ ಕಲಿಸಿದ ಪಾಠ

ಉದ್ಯೋಗನಿಮಿತ್ತವಾಗಿ ದಾವಣಗೆರೆಗೆ ಬಂದು ನೆಲೆಸಿದವನು ನಾನು. ಬೆಳಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ, ನಡುವೆ ಪಾಠಪ್ರವಚನ; ಇಷ್ಟರಿಂದಲೇ ಊರು ನನ್ನದಾಯಿತೆಂದು ಬಹುಕಾಲ ಭಾವಿಸಿದ್ದೆನು. ಆ ಭ್ರಮೆಯನ್ನು ಕಳೆದದ್ದು ಒಂದು ಬೇಸಗೆಯ ರಜೆ.

1997ರಲ್ಲಿ ರಚಿತವಾದ ಈ ಜಿಲ್ಲೆಯನ್ನು ಸುತ್ತಲು ಹೊರಟೆನು. ಚನ್ನಗಿರಿ ಸೀಮೆಯಲ್ಲಿ, ಪೂರ್ವಿಕರು ಗುಡ್ಡಗಳ ನಡುವೆ ಹರಿದ್ರೆಯನ್ನು ತಡೆದು ಕಟ್ಟಿದ ಸೂಳೆಕೆರೆ ಕಣ್ಣು ಹರಿಯುವಷ್ಟು ದೂರ ಹಬ್ಬಿತ್ತು. ಹೊನ್ನಾಳಿಯಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಸೊರಗಿ ಹರಿಯುತ್ತಿದ್ದಳು. ನ್ಯಾಮತಿಯ ಕಡೆಯ ತೀರ್ಥರಾಮೇಶ್ವರದ ಬೆಟ್ಟದಲ್ಲಿ ಮಾತ್ರ ಚಿಲುಮೆಯ ಧಾರೆ ಬತ್ತಿರಲಿಲ್ಲ.

ಕಡೆಗೆ ಜಗಳೂರು. ಕೊಂಡುಕುರಿಗಳಿಗೆ ಆಶ್ರಯವಾದ ರಂಗಯ್ಯನದುರ್ಗದ ಕುರುಚಲು ಕಾಡು ಬಿಸಿಲಿಗೆ ಬೂದಿಬಣ್ಣ ತಾಳಿತ್ತು. ಸಮೀಪದ ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬಳು ನನಗೆ ಒಂದು ಚೊಂಬು ನೀರಿತ್ತಳು. ಅರ್ಧ ಕುಡಿದು ಉಳಿದುದನ್ನು ಚೆಲ್ಲಹೋದೆನು. “ಚೆಲ್ಲಬೇಡಿ ಸ್ವಾಮಿ, ಗಿಡಕ್ಕೆ ಹಾಕಿ” ಎಂದಳು. ನಾಚಿಕೆಯಿಂದ ಕೈ ತಡೆದೆನು.

ಮನೆಗೆ ಮರಳಿ ನಲ್ಲಿ ತಿರುಗಿಸಿದಾಗ ಆ ಚೊಂಬು ಕಣ್ಣಮುಂದೆ ನಿಂತಿತು. ಒಂದು ಊರಿನ ಅನ್ನವನ್ನುಂಡವನು ಆ ಊರಿನವನಾಗಬಹುದು; ಆದರೆ ಆ ಸೀಮೆಯ ಬಾಯಾರಿಕೆಯನ್ನು ಅರಿತಲ್ಲದೆ ಪೂರ್ಣವಾಗಿ ಆಗಲಾರನು.