ನಾಲಿಗೆ ಬಿಡದ ಪಲ್ಲವಿ

ಬಚ್ಚಲುಮನೆಯಲ್ಲಿ ನಾವು ಗುನುಗುವುದು ಹಾಡಿನ ಯಾವ ಭಾಗವನ್ನು? ಹೆಚ್ಚಾಗಿ ಪಲ್ಲವಿಯನ್ನೇ. ಚರಣಗಳು ಮರೆತುಹೋದರೂ ಅದು ಮಾತ್ರ ನಾಲಿಗೆ ಬಿಡುವುದಿಲ್ಲ.

ಹಾಡು ಕಟ್ಟಲು ಹೊರಟ ಹೊಸಬರು ಈ ಗುಟ್ಟನ್ನು ದಾಸರ ಪದಗಳಲ್ಲೇ ಕಾಣಬಹುದು. ಪಲ್ಲವಿ ಪುಟ್ಟದು, ಒಂದೆರಡು ಉಸಿರಿನಲ್ಲಿ ಮುಗಿಯುವಂಥದ್ದು. ಅನುಪಲ್ಲವಿ ಸಾಮಾನ್ಯವಾಗಿ ಮೇಲಿನ ಷಡ್ಜದತ್ತ ಏರುತ್ತದೆ. ಚರಣ ವಿಷಯವನ್ನು ಬೆಳೆಸುತ್ತದೆ. ಎಷ್ಟು ದೂರ ಹೋದರೂ ಹಾಡು, ಹಬ್ಬಕ್ಕೆ ತವರಿಗೆ ಬರುವ ಮಗಳಂತೆ, ಮತ್ತೆ ಪಲ್ಲವಿಗೆ ಬರುತ್ತದೆ. ಗೊತ್ತಿದ್ದದ್ದೇ ಮತ್ತೆ ಸಿಕ್ಕಿತಲ್ಲ ಎಂದು ಕೇಳುವವರ ಕಿವಿಗೆ ಖುಷಿ.

ನಾಲಿಗೆ ಬಿಡದಿರಲು ಹೆಚ್ಚು ಸ್ವರಗಳೂ ಬೇಕಿಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನೇ ನೋಡಿ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ. ಆಮೇಲೆ ಮಲಹರಿ ರಾಗದ ಗೀತೆಗಳು. ಮಲಹರಿಗೆ ಏರುವಾಗ 5 ಸ್ವರ, ಇಳಿಯುವಾಗ 6. ನಿಷಾದವಂತೂ ಇಲ್ಲವೇ ಇಲ್ಲ. ಅಷ್ಟು ಸಣ್ಣ ಅಂಗಳದಲ್ಲೇ ಆ ಗೀತೆಗಳು ತಲೆಮಾರುಗಳ ಮಕ್ಕಳ ಬಾಯಲ್ಲಿ ಉಳಿದಿವೆ. ಕಂಡ ಸ್ವರವನ್ನೆಲ್ಲ ತುರುಕಿದ ಹಾಡನ್ನು ಯಾರಾದರೂ ಗುನುಗಿದ್ದುಂಟೇ, ಹೇಳಿ!

ನಿಮಗೂ ಆಸೆಯಿದ್ದರೆ ಇವತ್ತೇ ಒಂದು ಪಲ್ಲವಿಗೆ ಮಟ್ಟು ಹಾಕಿ. ಬರೆದಿಡಬೇಡಿ, ಫೋನಿನಲ್ಲೂ ಹಿಡಿದಿಡಬೇಡಿ. ನಾಳೆ ಬೆಳಿಗ್ಗೆ ಅದು ತಾನಾಗಿ ಬಾಯಿಗೆ ಬಂದರೆ ಮಾತ್ರ ಚರಣಕ್ಕೆ ಕೈ ಹಾಕಿ.