ಉದ್ಯಮಬಾಗಕ್ಕೆ ಬೇಕಾದ ಎಂಜಿನಿಯರ್



ಬೆಳಗಾವಿಯ ಈ ಪದವಿ ಪ್ರದಾನ ಸಮಾರಂಭದಲ್ಲಿ ನಿಂತು ಕಾರ್ಖಾನೆಗಳ ಡಿಜಿಟಲೀಕರಣದ ಮಾತೆತ್ತಿದ ಮೇಲೆ ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳಿಂದಲೇ ಶುರು ಮಾಡಬೇಕು. ಲೋಹ ಎರೆಯುವ ಅಚ್ಚು ಕಟ್ಟುವ ಅನುಭವಿ ಮೋಲ್ಡರ್ ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಚುಕಿ, ಮುರಿದು ನೋಡಿ, ತೇವ ಎಷ್ಟಿದೆ ಎಂದು ಹೇಳುತ್ತಾನೆ. ತೇವ ಹೆಚ್ಚಾದರೆ ಕಾದ ಲೋಹ ಬಿದ್ದೊಡನೆ ಆವಿ ಎದ್ದು ಎರಕದೊಳಗೆ ಬ್ಲೋಹೋಲ್ ಎಂಬ ತೂತು ಉಳಿಯುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಎಷ್ಟೋ ಸಲ ಆ ತೂತು ಕಣ್ಣಿಗೆ ಬೀಳುವುದು ಮಷೀನಿಂಗ್ ಆದ ಮೇಲೆ. ಅಷ್ಟರಲ್ಲಿ ಲೋಹ ಕರಗಿಸಿದ ಕರೆಂಟು, ಸಾಗಣೆಯ ಖರ್ಚು, ಕೆಲಸಗಾರರ ದುಡಿಮೆ ಎಲ್ಲವೂ ದಂಡ. ಯಾವ ಸಲ ಕರಗಿಸಿದ ಲೋಹ, ಯಾವ ಹೊತ್ತಿನ ಮರಳು, ಎಷ್ಟು ಉಷ್ಣಾಂಶದಲ್ಲಿ ಸುರಿದದ್ದು ಎಂಬುದು ಒಂದೇ ಕಡೆ ದಾಖಲಾಗಿದ್ದರೆ ತಪ್ಪಿನ ಜಾಡು ಹಿಡಿಯಬಹುದು. ಸಣ್ಣ ಕಾರ್ಖಾನೆಯ ಡಿಜಿಟಲೀಕರಣ ಶುರುವಾಗಬೇಕಾದ್ದು ಇಲ್ಲಿ. ರೋಬೋ ಆಮೇಲೆ ಬರಲಿ.

ಈ ವಿಷಯದಲ್ಲಿ ಸರ್ಕಾರ ಸುಮ್ಮನೆ ಕೂತಿಲ್ಲ. ಕೇಂದ್ರದ ಭಾರಿ ಕೈಗಾರಿಕಾ ಸಚಿವಾಲಯ ‘ಸಮರ್ಥ್ ಉದ್ಯೋಗ್ ಭಾರತ್ 4.0’ ಅಡಿ ಪುಣೆಯಲ್ಲಿ, ದೆಹಲಿ ಐಐಟಿಯಲ್ಲಿ, ಬೆಂಗಳೂರಿನ ಐಐಎಸ್‌ಸಿ ಮತ್ತು ಸಿಎಂಟಿಐ ಸಂಸ್ಥೆಗಳಲ್ಲಿ ಡಿಜಿಟಲ್ ತಯಾರಿಕೆಯ ಕೇಂದ್ರಗಳನ್ನು ತೆರೆಯಿತು. ಯಂತ್ರೋಪಕರಣ ತಯಾರಿಸುವ ಬಂಡವಾಳ ಸರಕು ವಲಯಕ್ಕಾಗಿ 2022ರಲ್ಲಿ 1,207 ಕೋಟಿ ರೂಪಾಯಿಯ ಎರಡನೇ ಹಂತದ ಯೋಜನೆಯೂ ಬಂತು. ಇವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರ್. ಹದಿನೈದು ಜನರ ಫೌಂಡ್ರಿ ನಡೆಸುವವರು ಕುಲುಮೆ ಆರಿಸಿ ಅಲ್ಲಿಗೆ ಹೋಗಿ, ಪ್ರದರ್ಶನಕ್ಕಿಟ್ಟ ಯಂತ್ರ ನೋಡಿ ಬಂದರೂ, ಸೋಮವಾರ ಬೆಳಿಗ್ಗೆ ತಮ್ಮ ಮರಳಿನ ಮಿಕ್ಸರಿಗೆ ಏನು ಜೋಡಿಸಬೇಕೆಂದು ಹೇಳುವವರು ಯಾರು?

ನಮ್ಮ ನೀತಿ ಸೊರಗಿರುವುದು ಇಲ್ಲೇ. ಯಂತ್ರ, ಕಟ್ಟಡಗಳಿಗೆ ಹಣ ಒದಗಿಸುವುದು ಸರ್ಕಾರಕ್ಕೆ ಗೊತ್ತು. ಕಾರ್ಖಾನೆಯ ಅಂಗಳಕ್ಕೆ ಬಂದು ಆರು ತಿಂಗಳು ಜೊತೆಗಿರುವ ಮನುಷ್ಯನಿಗೆ ಹಣ ಒದಗಿಸುವುದು ಇನ್ನೂ ರೂಢಿಯಾಗಿಲ್ಲ. ಬ್ರಿಟನ್ 2019ರಲ್ಲಿ ವಾಯವ್ಯ ಇಂಗ್ಲೆಂಡಿನಲ್ಲಿ ಆರಂಭಿಸಿದ ‘ಮೇಡ್ ಸ್ಮಾರ್ಟರ್’ ಯೋಜನೆಯಲ್ಲಿ ಅನುದಾನದ ಜೊತೆಗೆ ಸಲಹೆಗಾರರಿದ್ದಾರೆ, ಮಾಲೀಕರಿಗೆ ತರಬೇತಿಯಿದೆ, ಸಣ್ಣ ಕಾರ್ಖಾನೆಗಳಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರದ ನೆರವಿನ ಇಂಟರ್ನ್‌ಶಿಪ್ ಇದೆ. ಅಂಥದ್ದು ನಮಗೂ ಬೇಕು. 1978ರಿಂದ ಇರುವ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಮೂಲಕವೇ ಅದನ್ನು ಮಾಡಬಹುದು, ಹೊಸ ಕಚೇರಿ ಬೇಕಿಲ್ಲ. ಪ್ರತಿ ಕೇಂದ್ರಕ್ಕೆ ಹತ್ತು ಯುವ ಎಂಜಿನಿಯರುಗಳು, ಅವರಿಗೆ ಮರ್ಯಾದೆಯ ಸಂಬಳ, ಯಾವ ಕಂಪನಿಯ ಸಾಫ್ಟ್‌ವೇರನ್ನೂ ಮಾರುವ ಹಂಗಿಲ್ಲದ ಕೆಲಸ. ಈ ವೇದಿಕೆಯಿಂದ ರಾಜ್ಯ ಸರ್ಕಾರವನ್ನು ನಾನು ಕೇಳುವುದು ಇಷ್ಟನ್ನೇ.

ಡಿಜಿಟಲೀಕರಣದ ಬಗೆಗಿನ ಒಂದು ಆತಂಕವನ್ನೂ ಹೇಳಿಬಿಡುತ್ತೇನೆ. ಯಂತ್ರ ಎಷ್ಟು ಹೊತ್ತು ಓಡಿತು, ಒಂದು ಬಿಡಿಭಾಗಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕ ದೊಡ್ಡ ಖರೀದಿದಾರರ ಕೈಸೇರಿದರೆ, ಮುಂದಿನ ಆರ್ಡರಿನ ದರ ಇಳಿಸಲು ಅದೇ ಆಧಾರವಾಗಬಹುದು. ದತ್ತಾಂಶ ಅದನ್ನು ಹುಟ್ಟಿಸಿದ ಕಾರ್ಖಾನೆಯದು ಎಂಬ ಮಾತು ಡಿಜಿಟಲೀಕರಣಕ್ಕೆ ಕೊಡುವ ಸಬ್ಸಿಡಿಯ ಷರತ್ತುಗಳಲ್ಲೇ ಬರೆದಿರಬೇಕು. ಹಾಗೆಯೇ, ಕೆಲಸಗಾರನ ಮೇಲೆ ಕಣ್ಣಿಡಲು ಸೆನ್ಸರ್ ಬಳಸುವ ಕಾರ್ಖಾನೆಗೆ ಜನರ ತೆರಿಗೆಯ ಹಣ ಹೋಗಬಾರದು.

ಇಂದಿನಿಂದ ಎಂಜಿನಿಯರುಗಳಾಗುವ ನಿಮ್ಮಲ್ಲಿ ಹಲವರಿಗೆ ಬೆಂಗಳೂರಿನ, ಪುಣೆಯ ಕಂಪನಿಗಳ ಆಫರ್ ಪತ್ರ ಈಗಾಗಲೇ ಬಂದಿರಬಹುದು. ಸಂತೋಷದಿಂದ ಹೋಗಿ. ಇನ್ನೂ ನಿರ್ಧರಿಸದವರು ಈ ವಾರ ಒಮ್ಮೆ ಉದ್ಯಮಬಾಗಕ್ಕೆ ಹೋಗಿ ಒಂದು ಫೌಂಡ್ರಿಯಲ್ಲಿ ತಿರಸ್ಕೃತ ಎರಕಗಳ ರಿಜಿಸ್ಟರ್ ಕೇಳಿ ನೋಡಿ. ಅಲ್ಲಿ ನೀವು ಮುಂದೆ ಕೂರಿಸುವ ದತ್ತಾಂಶದ ಪರದೆ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಮರಳಿನ ತೇವಕ್ಕೆ ಯಾವ ಅಂಕಿ ಸರಿ ಎಂದು ನಿಗದಿ ಮಾಡುವಾಗ ಆ ಮೋಲ್ಡರ್ ನಿಮ್ಮ ಪಕ್ಕದಲ್ಲಿರಲಿ.