ಅರಿವು ಕೇಂದ್ರದ ಮತ್ಸ್ಯಾಗಾರ: ಶೋಧಕ ಮಾಧ್ಯಮ ಮತ್ತು ಮೀನುಗಳ ಆಯ್ಕೆ

(ಗ್ರಾಮ ಪಂಚಾಯತಿ ಸದಸ್ಯರ ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಅರಿವು ಕೇಂದ್ರಗಳಿಗೆ ಮಕ್ಕಳನ್ನು ಸೆಳೆಯುವ ಸಲುವಾಗಿ ದೊಡ್ಡದೊಂದು ಮತ್ಸ್ಯಾಗಾರವನ್ನು ಸ್ಥಾಪಿಸಬೇಕೆಂಬ ಪ್ರಸ್ತಾವನೆ ಕೆಲವು ಪಂಚಾಯತಿಗಳ ಸಾಮಾನ್ಯ ಸಭೆಯ ಮುಂದೆ ಬಂದಿದೆ. ಪ್ರಸ್ತಾವನೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅದರೊಡನೆ ಲಗತ್ತಿಸಿರುವ ದರಪಟ್ಟಿಗಳನ್ನು ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಜಿನ ಅಳತೆ, ಸ್ಟ್ಯಾಂಡಿನ ಬಣ್ಣ, ದೀಪದ ವ್ಯಾಟ್ ಎಲ್ಲವೂ ವಿವರವಾಗಿವೆ. ಶೋಧಕದ ಸಾಲಿನಲ್ಲಿ ‘ಫಿಲ್ಟರ್ - 1’ ಎಂದಷ್ಟೇ ಇದೆ. ಮೀನಿನ ಸಾಲಿನಲ್ಲಿ ‘ಬಣ್ಣದ ಮೀನುಗಳು - 50’ ಎಂದಿದೆ. ಹಣ ವ್ಯರ್ಥವಾಗುವುದೂ ಮೀನು ಸಾಯುವುದೂ ಈ ಎರಡು ಸಾಲುಗಳಲ್ಲಿಯೇ. ಆದ್ದರಿಂದ ಇಂದು ಇವೆರಡರ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಉದಾಹರಣೆಗೆ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅದರ ಗಾತ್ರ 30 ಘನ ಅಡಿ, ಅಂದರೆ ಸುಮಾರು 850 ಲೀಟರ್. ಗಾಜು, ಮರಳು, ಕಲ್ಲು, ಸ್ಟ್ಯಾಂಡು ಸೇರಿದರೆ ತೂಕ ಒಂದು ಟನ್ನನ್ನು ಮೀರುತ್ತದೆ. ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಇದಕ್ಕೆ ಜಾಗ ಬೇಡ. ಎತ್ತರಕ್ಕಿಂತ ಅಗಲವನ್ನು ಹೆಚ್ಚಿಸಿರುವುದಕ್ಕೂ ಕಾರಣವಿದೆ. ಗಾಜಿನ ಮೇಲೆ ಬೀಳುವ ಒತ್ತಡವನ್ನು ನಿರ್ಧರಿಸುವುದು ನೀರಿನ ಎತ್ತರ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. ಅಗಲವಾದ ತೊಟ್ಟಿ ಎರಡೂ ದೃಷ್ಟಿಯಿಂದ ಕ್ಷೇಮ.

ಈಗ ಶೋಧಕದ ವಿಷಯಕ್ಕೆ ಬರುತ್ತೇನೆ. ಶೋಧಕವೆಂದರೆ ಕಸ ಹಿಡಿಯುವ ಜರಡಿ ಎಂಬ ಭಾವನೆ ಸಾಮಾನ್ಯ. ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಉತ್ಪತ್ತಿಯಾಗುತ್ತದೆ. ಅದು ಕಣ್ಣಿಗೆ ಕಾಣದು. ನೀರು ಸ್ಫಟಿಕದಂತೆ ತಿಳಿಯಾಗಿರುವಾಗಲೇ ಮೀನು ವಿಷದಲ್ಲಿ ಈಜುತ್ತಿರಬಹುದು. ಪ್ರಕೃತಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಮತ್ತೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಾ ದುಡಿಯುವುದು ಕಡಿಮೆ. ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬಾಳುತ್ತವೆ. ಅವುಗಳಿಗೆ ನಾವು ಕಟ್ಟಿಕೊಡುವ ವಸತಿಯೇ ಶೋಧಕ ಮಾಧ್ಯಮ. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಇದು ಹೊಸದಲ್ಲ. ಕೊಳಚೆ ನೀರನ್ನು ಕಲ್ಲುಹಾಸಿನ ಮೇಲೆ ಹನಿಸುವ ಟ್ರಿಕ್ಲಿಂಗ್ ಫಿಲ್ಟರ್‌ನಲ್ಲಿ ನಡೆಯುವುದೂ ಇದೇ ಬಗೆಯ ಕಾರ್ಯ.

ಹಾಗಾಗಿ ಮಾಧ್ಯಮದ ಆಯ್ಕೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇಷ್ಟು ಜಾಗದಲ್ಲಿ ಎಷ್ಟು ಮೇಲ್ಮೈ ದೊರೆಯುತ್ತದೆ ಎಂಬುದು. ನಮ್ಮ ಕಾಮಗಾರಿಗಳಲ್ಲಿ ಬಳಸುವ 20 ಮಿ.ಮೀ. ಜಲ್ಲಿಯನ್ನು ತೊಳೆದು ತುಂಬಿದರೂ ಕೆಲಸ ನಡೆಯುತ್ತದೆ. ಆದರೆ ಗ್ರಾನೈಟಿನೊಳಗೆ ಸೂಕ್ಷ್ಮ ರಂಧ್ರಗಳಿಲ್ಲ, ತೂಕ ವಿಪರೀತ, ಸಂದುಗಳಲ್ಲಿ ಕೆಸರು ಕಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಸಿರಾಮಿಕ್ ಉಂಗುರಗಳು ರಂಧ್ರಮಯವಾಗಿದ್ದು ಉತ್ತಮವಾಗಿವೆ, ಬೆಲೆಯೂ ಅಷ್ಟೇ ಉತ್ತಮವಾಗಿದೆ! ಸುಣ್ಣ, ಬಣ್ಣ ತಾಗದ ಹಳೆಯ ಮಂಗಳೂರು ಹೆಂಚಿನ ಚೂರುಗಳನ್ನು ಧೂಳು ಹೋಗುವವರೆಗೆ ತೊಳೆದು ಬಳಸಬಹುದು. ಸರಿಯಾಗಿ ಸುಡದ ಇಟ್ಟಿಗೆಯ ಚೂರು ಬೇಡ, ಅದು ಕರಗಿ ಮಣ್ಣಾಗುತ್ತದೆ. ಕಡಿಮೆ ಖರ್ಚಿನಲ್ಲಿ ನನ್ನ ಮೆಚ್ಚಿನ ವಸ್ತುವೆಂದರೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜಾಲರಿಯ ಉಂಡೆ. ಹಗುರ, ನೀರು ಸರಾಗವಾಗಿ ಹರಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಸೋಪು ಸೇರಿಸಿರುವ ಉಂಡೆಯನ್ನಾಗಲಿ ಲೋಹದ ನಾರನ್ನಾಗಲಿ ಮಾತ್ರ ಹಾಕಬಾರದು.

ಈ ಜೈವಿಕ ಮಾಧ್ಯಮಕ್ಕೆ ನೀರು ಬರುವ ಮುನ್ನ ಸ್ಪಂಜಿನ ಮೂಲಕ ಹಾದು ಬರಬೇಕು. ಇಲ್ಲವಾದರೆ ಹಿಕ್ಕೆ, ಎಲೆಚೂರುಗಳು ಬ್ಯಾಕ್ಟೀರಿಯಾಗಳ ವಸತಿಯನ್ನೇ ಮುಚ್ಚಿಬಿಡುತ್ತವೆ. ಸಕ್ರಿಯ ಇದ್ದಿಲನ್ನು ಅಂಗಡಿಯವರು ಕಡ್ಡಾಯವೆಂಬಂತೆ ಸೇರಿಸುತ್ತಾರೆ. ಔಷಧ ಹಾಕಿದ ನಂತರ ಅದರ ಶೇಷವನ್ನು ತೆಗೆಯಲು, ನೀರಿನ ಹಳದಿ ಬಣ್ಣ ಅಥವಾ ವಾಸನೆ ಹೋಗಲಾಡಿಸಲು ಅದು ಬೇಕು, ದಿನನಿತ್ಯ ಬೇಕಿಲ್ಲ. ಕೆಲವು ವಾರಗಳಲ್ಲಿ ಅದರ ಹೀರುವ ಶಕ್ತಿ ಮುಗಿಯುವುದರಿಂದ ಪ್ರತಿ ತಿಂಗಳು ಹೊಸ ಬಿಲ್ಲು ಬರುತ್ತದೆ, ಅಷ್ಟೆ. ಅಲಂಕಾರಕ್ಕೆಂದು ಹಾಕುವ ಕಲ್ಲಿನ ಮೇಲೆ ಒಂದೆರಡು ಹನಿ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಅದು ಸುಣ್ಣದ ಕಲ್ಲು. ಮೊದಲೇ ಗಡಸಾಗಿರುವ ನಮ್ಮ ಕೊಳವೆಬಾವಿಯ ನೀರನ್ನು ಅದು ಇನ್ನಷ್ಟು ಗಡಸಾಗಿಸುತ್ತದೆ.

ಇನ್ನು ವಿದ್ಯುತ್ತಿನ ವಿಷಯ. ಪೇಟೆಯಲ್ಲಿ ಮೆಚ್ಚುಗೆ ಪಡೆದಿರುವ ಮುಚ್ಚಿದ ಡಬ್ಬಿಯಂತಹ ಕ್ಯಾನಿಸ್ಟರ್ ಶೋಧಕ ನಮ್ಮ ಹಳ್ಳಿಗಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಕರೆಂಟ್ ಹೋಗಿ ಕೆಲವು ಗಂಟೆ ಕಳೆದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ. ಕರೆಂಟ್ ಬಂದೊಡನೆ ಪಂಪು ಆ ಕೊಳೆತ ನೀರನ್ನು ಮೀನಿನ ಮೇಲೆ ಸುರಿಯುತ್ತದೆ. ಮನೆಗಳಲ್ಲಿ ಸಂಪ್ ಇರುವಂತೆ ತೊಟ್ಟಿಯ ಕೆಳಗೆ ತೆರೆದ ಸಂಪ್ ಇಟ್ಟು, ಮೇಲಿನಿಂದ ಇಳಿಯುವ ನೀರು ಮಾಧ್ಯಮದ ಮೇಲೆ ಹನಿಯುವಂತೆ ಮಾಡುವುದು ಲೇಸು. ಪಂಪು ನಿಂತಾಗಲೂ ಅಲ್ಲಿ ಗಾಳಿ ಆಡುತ್ತದೆ, ಒದ್ದೆಯಾದ ಮಾಧ್ಯಮ ಬಹಳ ಹೊತ್ತು ಜೀವಂತವಾಗಿರುತ್ತದೆ. ಪಂಪು ನಿಂತೊಡನೆ ಮೇಲಿನ ತೊಟ್ಟಿಯಿಂದ ಒಂದಿಷ್ಟು ನೀರು ಕೆಳಗಿಳಿಯುವುದರಿಂದ ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇರಲೇಬೇಕು. ನಮ್ಮ ಉದಾಹರಣೆಯ ತೊಟ್ಟಿಯಲ್ಲಿ ಒಂದು ಇಂಚು ಇಳಿದರೆ 35 ಲೀಟರ್ ನೀರು. ಈ ಲೆಕ್ಕ ಹಾಕದಿದ್ದರೆ ಬೆಳಿಗ್ಗೆ ಗ್ರಂಥಾಲಯದ ಪುಸ್ತಕಗಳು ನೆನೆದಿರುತ್ತವೆ. ಗಂಟೆಗೆ ತೊಟ್ಟಿಯ ನೀರೆಲ್ಲ ನಾಲ್ಕೈದು ಬಾರಿ ಸುತ್ತಬೇಕು. ಆದರೆ ಪಂಪಿನ ಡಬ್ಬಿಯ ಮೇಲೆ ಬರೆದಿರುವ ಲೀಟರ್ ಲೆಕ್ಕ ಎತ್ತರವಿಲ್ಲದೆ ಹರಿಸಿದಾಗಿನದು. ನಾಲ್ಕು ಅಡಿ ಎತ್ತಿದಾಗ ಎಷ್ಟು ನೀರು ಬರುತ್ತದೆ ಎಂಬುದನ್ನು ದರಪಟ್ಟಿಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಐದು ವ್ಯಾಟಿನ ಗಾಳಿ ಪಂಪೊಂದನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಿದರೆ ರಾತ್ರಿಯ ಚಿಂತೆ ಬಹಳಷ್ಟು ಕಡಿಮೆಯಾಗುತ್ತದೆ.

ನಮ್ಮ ನೀರುಗಂಟಿಗಳು ಮೇಲ್ಮಟ್ಟದ ಜಲಸಂಗ್ರಹಾಗಾರಕ್ಕೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಹಾಕಲೇಬೇಕು. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ನಾವೇ ಪರೀಕ್ಷಿಸುತ್ತೇವೆ. ಮನುಷ್ಯನನ್ನು ಕಾಯುವ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಶೋಧಕದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದ್ದರಿಂದ ತೊಟ್ಟಿಗೆ ಹಾಕುವ ನೀರನ್ನು ತೆರೆದ ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ, ಕಿಟ್‌ನಲ್ಲಿ ಕ್ಲೋರಿನ್ ಇಲ್ಲವೆಂದು ಖಾತರಿಪಡಿಸಿಕೊಂಡು ಬಳಸಬೇಕು. ಸ್ಪಂಜನ್ನಾಗಲಿ ಜಾಲರಿಯನ್ನಾಗಲಿ ನಲ್ಲಿಯ ಕೆಳಗೆ ಹಿಡಿದು ಉಜ್ಜಿ ತೊಳೆಯುವ ಅತಿ ಶುಚಿತ್ವವೂ ಅಪಾಯಕಾರಿ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು.

ಮೀನುಗಳ ಆಯ್ಕೆ ನೀರಿನ ವರದಿಯಿಂದ ಆರಂಭವಾಗಬೇಕು. ಜಲ ಜೀವನ್ ಮಿಷನ್ ಅಡಿ ಒದಗಿಸಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಪಿಎಚ್, ಗಡಸುತನ ಎರಡನ್ನೂ ನೋಡಬಹುದು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬಯಲುಸೀಮೆಯ ಕೊಳವೆಬಾವಿಯ ನೀರನ್ನು ಬಳಸುವವರು ಇದನ್ನು ಮರೆಯಬಾರದು. ಇಂತಹ ಗಡಸು ನೀರಿಗೆ ಮರಿ ಹಾಕುವ ಜಾತಿಯ ಗಪ್ಪಿ, ಮೋಲಿ, ಪ್ಲೇಟಿ, ಸ್ವೋರ್ಡ್‌ಟೇಲ್ ಚೆನ್ನಾಗಿ ಹೊಂದುತ್ತವೆ. ರೇನ್‌ಬೋ ಮೀನುಗಳೂ ಒಗ್ಗುತ್ತವೆ. ಅಮೆಜಾನ್ ಪ್ರದೇಶದ ಮೃದುವಾದ ಆಮ್ಲೀಯ ನೀರಿನ ನಿಯಾನ್ ಟೆಟ್ರಾವನ್ನು ಅಂದಕ್ಕೆ ಮರುಳಾಗಿ ತರಬೇಡಿ. ಮಲೆನಾಡಿನ ಮೃದು ನೀರಿದ್ದರೆ ರೋಸಿ ಬಾರ್ಬ್, ಡೇನಿಯೊ, ರಾಸ್ಬೋರಾಗಳ ಗುಂಪು ಬಹಳ ಸೊಗಸು. ಶುದ್ಧ ನೀರಿನ ಘಟಕದ ನೀರನ್ನು ಕೊಳವೆಬಾವಿಯ ನೀರಿನೊಡನೆ ಬೆರೆಸಿ ಗಡಸುತನ ತಗ್ಗಿಸಬಹುದು, ಆದರೆ ಪ್ರತಿ ವಾರ ಅದೇ ಪ್ರಮಾಣ ಕಾಯ್ದುಕೊಳ್ಳುವವರಾರು? ಇರುವ ನೀರಿಗೆ ಒಗ್ಗುವ ಮೀನನ್ನು ತರುವುದೇ ಸುಲಭ.

ಎರಡನೆಯ ಪ್ರಶ್ನೆ, ಈ ಮೀನು ಎಷ್ಟು ದೊಡ್ಡದಾಗುತ್ತದೆ ಎಂಬುದು. ಎರಡು ಇಂಚಿನ ಮರಿಯಾಗಿ ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ಮೂರು ಅಡಿ ಮೀರಿ ಬೆಳೆಯಬಲ್ಲದು. ಕೊಯ್ ಎಂಬುದು ಸಾಮಾನ್ಯ ಗೆಂಡೆಯ ಬಣ್ಣದ ತಳಿ, ಅದಕ್ಕೆ ಕೊಳವೇ ಬೇಕು. ಗಾಜು ಸ್ವಚ್ಛ ಮಾಡುತ್ತದೆಂದು ಕೊಡುವ ಸಕ್ಕರ್ ಮೀನು ಒಂದು ಅಡಿ ದಾಟುತ್ತದೆ. ಇವು ತೊಟ್ಟಿಗೆ ಹಿಡಿಸದಾದಾಗ ಯಾರಾದರೂ ಪಾಪಪುಣ್ಯದ ಮಾತಾಡಿ ಊರ ಕೆರೆಗೆ ಬಿಟ್ಟುಬರುತ್ತಾರೆ. ಅಸಲಿ ನಷ್ಟ ಆರಂಭವಾಗುವುದು ಅಲ್ಲಿಂದ. ಸಕ್ಕರ್ ಮೀನು ದಡದಲ್ಲಿ ಬಿಲ ತೋಡುತ್ತದೆ, ಗಟ್ಟಿ ಮುಳ್ಳುಗಳಿಂದ ಬಲೆ ಹರಿಯುತ್ತದೆ, ಕಾಟ್ಲಾ, ರೋಹುಗಳ ಆಹಾರಕ್ಕೆ ಪಾಲುದಾರನಾಗುತ್ತದೆ. ಮೀನುಪಾಶುವಾರು ಹಕ್ಕನ್ನು ಹರಾಜಿನಲ್ಲಿ ಪಡೆದವರು ಮುಂದಿನ ವರ್ಷ ಯಾವ ಮುಖವಿಟ್ಟುಕೊಂಡು ಕೂಗುತ್ತಾರೆ? ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿಯೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಇಂದಿಗೂ ನಮ್ಮ ನೀರುಗಳಲ್ಲಿ ಇರುವುದನ್ನು ನೋಡಿದರೆ, ಒಮ್ಮೆ ಸೇರಿದ ಮೀನನ್ನು ಹೊರತೆಗೆಯುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಚಿಕ್ಕ ಗಪ್ಪಿಗೂ ಇದೇ ನಿಯಮ ಅನ್ವಯಿಸುತ್ತದೆ. ವಾರಕ್ಕೊಮ್ಮೆ ಬದಲಿಸುವ ನೂರೈವತ್ತು ಲೀಟರ್ ನೀರನ್ನು ಚರಂಡಿಗೆ ಬಿಡದೆ ಬಟ್ಟೆಯಲ್ಲಿ ಸೋಸಿ ಶಾಲೆಯ ಕೈತೋಟಕ್ಕೆ ಹಾಯಿಸಿ. ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ.

ನಮ್ಮ ಹೊಳೆಗಳ ಮೀನನ್ನೇ ಏಕೆ ಇಡಬಾರದು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ‘ಮಿಸ್ ಕೇರಳ’ ಎಂದು ಕರೆಯುವ ಡೆನಿಸನ್ ಬಾರ್ಬ್ ಪಶ್ಚಿಮ ಘಟ್ಟದ ತೊರೆಗಳಲ್ಲಿ ವಿರಳವಾಗಲು ಅಲಂಕಾರಕ್ಕಾಗಿ ಹಿಡಿದು ಮಾರಿದ್ದೇ ಒಂದು ಮುಖ್ಯ ಕಾರಣ. ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರನ್ನು ಲಿಖಿತವಾಗಿ ಕೇಳದೆ ಹೊಳೆಗೆ ಬಲೆ ಹಾಕಬೇಡಿ. ಕೇಂದ್ರಗಳಲ್ಲಿ ಬೆಳೆಸಿದ ಮರಿಗಳನ್ನೇ ಖರೀದಿಸಿ.

ಕೊನೆಯದಾಗಿ, ಸದಸ್ಯರಿಗೆ ಅಪ್ರಿಯವಾಗಬಹುದಾದ ಒಂದು ಮಾತು. ಉದ್ಘಾಟನೆಯ ಹಿಂದಿನ ದಿನ ತೊಟ್ಟಿ ತುಂಬಿಸಿ, ಮರುದಿನ ಗಣ್ಯರಿಂದ ಐವತ್ತು ಮೀನು ಬಿಡಿಸಿದರೆ ಬಹುತೇಕ ಎರಡು ಮೂರು ವಾರಗಳಲ್ಲಿ ಅವು ಒಂದೊಂದಾಗಿ ತೇಲುತ್ತವೆ. ಹೊಸ ಮಾಧ್ಯಮದಲ್ಲಿ ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಪಂಪು ಓಡಿಸುತ್ತಿರಬೇಕು. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಇನ್ನೂ ಬೇಗ. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯ ತೋರಿದ ಮೇಲೆ ಎಂಟು ಹತ್ತು ಮೀನು, ಹತ್ತು ದಿನದ ನಂತರ ಮತ್ತಷ್ಟು. ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲೇ ಈ ದಿನಗಳನ್ನು ಎಣಿಸಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ. ಆಹಾರ ಹಾಕುವ ಹೊಣೆ ಗ್ರಂಥಾಲಯ ಮೇಲ್ವಿಚಾರಕರೊಬ್ಬರಿಗೇ ಇರಲಿ. ಬಂದವರೆಲ್ಲ ಮಂಡಕ್ಕಿ, ಬಿಸ್ಕತ್ತು ಎಸೆಯತೊಡಗಿದರೆ ಯಾವ ಶೋಧಕವೂ ತಡೆಯಲಾರದು.

ತಮ್ಮ ಪಂಚಾಯತಿಯ ಕೊಳವೆಬಾವಿಯ ನೀರಿನ ಪರೀಕ್ಷಾ ವರದಿಯನ್ನು ತಂದಿರುವವರು ಊಟದ ನಂತರ ಇದೇ ಸಭಾಂಗಣದಲ್ಲಿ ಉಳಿಯಬೇಕಾಗಿ ಕೋರುತ್ತೇನೆ. ವರದಿ ನೋಡಿಕೊಂಡು, ದರಪಟ್ಟಿಯ ಆ ಎರಡು ಸಾಲುಗಳನ್ನು ಒಟ್ಟಿಗೆ ಕುಳಿತು ತಿದ್ದಿ ಬರೆಯೋಣ.